ಸಾಲದ ಕಂತು ಕಟ್ಟುತ್ತಿರುವಾಗಲೂ ದಶಮಾಂಶ ಕೊಡಬೇಕಾ?

ಪ್ರಶ್ನೆ: ಸಂಬಳದ ಅರ್ಧದಷ್ಟು ಸಾಲದ ಕಂತಿಗೇ ಹೋಗುತ್ತದೆ. ಮನೆಖರ್ಚು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೇ. ದಶಮಾಂಶ, ಅಂದರೆ ಸಂಪಾದನೆಯ ಹತ್ತರಲ್ಲೊಂದು ಭಾಗ, ಕೊಡದವರು ದೇವರಿಂದ ಕದ್ದವರು ಅಂತ ನಮ್ಮ ಚರ್ಚಿನ ಸಭೆಯಲ್ಲಿ ಹೇಳುತ್ತಾರೆ. ನಾನೇನು ಮಾಡಲಿ?

ಉತ್ತರ: ಮೊದಲು ಕಂತು ಕಟ್ಟಿ. ಕಾಣಿಕೆ ಕೈಲಾದಷ್ಟು ಹಾಕಿ. ಹತ್ತರಲ್ಲೊಂದು ಭಾಗ ಆಗಲಿಲ್ಲ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಸಾಲ ತೆಗೆದುಕೊಂಡು ಹಿಂದಕ್ಕೆ ಕೊಡದಿರುವುದು ದುಷ್ಟರ ನಡತೆ ಅಂತ ಬೈಬಲಿನ ಕೀರ್ತನೆ 37:21 ಹೇಳುತ್ತದೆ. ಸಾಲ ಕೊಟ್ಟವರ ಹಣವನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿದರೆ ಅದು ನಿಮ್ಮ ಕಾಣಿಕೆ ಹೇಗಾಗುತ್ತದೆ?

ಕದ್ದವರು ಎಂಬ ಮಾತು ಬೈಬಲಿನ ಮಲಾಕಿಯ ಪುಸ್ತಕದ 3ನೇ ಅಧ್ಯಾಯದ್ದು. ಅದನ್ನು ಓದುವಾಗ ಹಿನ್ನೆಲೆಯನ್ನೂ ನೋಡಬೇಕು. ದೇವಾಲಯದ ಸೇವೆ ಮಾಡುತ್ತಿದ್ದ ಲೇವಿ ಕುಲದವರಿಗೆ, ಅಂದರೆ ಲೇವಿಯರಿಗೆ, ಸ್ವಂತ ಜಮೀನಿನ ಪಾಲು ಇರಲಿಲ್ಲ, ದಶಮಾಂಶವೇ ಅವರ ಊಟ. ಜನ ಅದನ್ನು ಕೊಡದೆ ಹೋದಾಗ ಅವರು ದೇವಾಲಯದ ಕೆಲಸ ಬಿಟ್ಟು ಹೊಲಗಳಿಗೆ ಹೊರಟು ಹೋದರು ಅಂತ ನೆಹೆಮೀಯ 13ರಲ್ಲಿದೆ. ಅಂದರೆ ಯಾರದೋ ತಟ್ಟೆಯ ಅನ್ನ ಕಿತ್ತುಕೊಂಡದ್ದಕ್ಕೆ ಬಿದ್ದ ಬೈಗುಳ ಅದು. ಕಂತು ಕಟ್ಟಲು ಪರದಾಡುವವರ ಮೇಲೆ ಅದನ್ನು ಎಸೆಯುವುದು ನನಗೆ ಸರಿ ಕಾಣುವುದಿಲ್ಲ.

ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಓದಿದ್ದೀರಾ? ದಶಮಾಂಶದ ಬಗ್ಗೆ ಪ್ರಸಂಗ ಮಾಡುವವರು ಅದನ್ನು ತೆಗೆಯುವುದು ಕಡಿಮೆ. ದೇವರು ಆರಿಸಿದ ಸ್ಥಳ ದೂರವಾದರೆ ಬೆಳೆಯ ಹತ್ತನೇ ಭಾಗವನ್ನು ಮಾರಿ, ಬೆಳ್ಳಿಯನ್ನು ಗಂಟು ಕಟ್ಟಿಕೊಂಡು ಹೋಗಬೇಕು. ಅಲ್ಲಿ ದನ, ಕುರಿ, ದ್ರಾಕ್ಷಾರಸ, ಮನಸ್ಸಿಗೆ ಬಂದದ್ದನ್ನು ಕೊಂಡು ಮನೆಯವರ ಜೊತೆ ದೇವರ ಮುಂದೆ ಊಟ ಮಾಡಿ ಸಂತೋಷಪಡಬೇಕು. ಲೇವಿಯರನ್ನು ಮರೆಯಬಾರದು. ಮೂರು ವರ್ಷಕ್ಕೊಮ್ಮೆಯ ದಶಮಾಂಶವಂತೂ ಊರಲ್ಲೇ ಉಳಿಯುತ್ತಿತ್ತು: ಲೇವಿಯರು, ಪರದೇಶಿಗಳು, ತಾಯಿತಂದೆ ಇಲ್ಲದವರು, ವಿಧವೆಯರು ಬಂದು ಹೊಟ್ಟೆತುಂಬ ಉಣ್ಣಲಿ ಅಂತ. ಇದರಲ್ಲಿ ದಂಡ ವಸೂಲಿಯ ವಾಸನೆ ಎಲ್ಲಿದೆ?

ಬಡವರಿಗೆ ಮೋಶೆಯ ಧರ್ಮಶಾಸ್ತ್ರದಲ್ಲೇ ವಿನಾಯಿತಿ ಇತ್ತು. ಹೆರಿಗೆಯ ನಂತರ ಕುರಿಮರಿ ಅರ್ಪಿಸಲು ಆಗದವರು ಎರಡು ಹಕ್ಕಿ ತಂದರೆ ಸಾಕು. ಯೇಸುವಿನ ತಾಯಿ ಮರಿಯಳು ಮತ್ತು ಆಕೆಯ ಗಂಡ ಯೋಸೇಫರದ್ದೂ ಹಕ್ಕಿಯ ಕಾಣಿಕೆಯೇ (ಲೂಕ 2:24).

ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಯವರಿಗೆ ಬರೆದ ಪತ್ರಗಳಲ್ಲಿ ಶೇಕಡಾ ಲೆಕ್ಕ ಕೊಡುವುದಿಲ್ಲ. ವಾರದ ಮೊದಲ ದಿನ ಅವರವರ ಸಂಪಾದನೆಗೆ ತಕ್ಕಷ್ಟು ತೆಗೆದಿಡಿ ಎನ್ನುತ್ತಾನೆ. ಇರುವುದಕ್ಕೆ ತಕ್ಕಂತೆ ಕೊಟ್ಟರೆ ಸ್ವೀಕಾರ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎಂಬುದು 2 ಕೊರಿಂಥ 8:12ರ ಸಾರ.

ಹಾಗಾದರೆ ತನ್ನಲ್ಲಿದ್ದ ಎರಡೇ ಕಾಸನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿದ ಬಡ ವಿಧವೆಯ ಕಥೆ? ಯೇಸು ಆಕೆಯನ್ನು ಮೆಚ್ಚಿದ್ದು ನಿಜ. ಆದರೆ ಮಾರ್ಕ 12ರಲ್ಲಿ ಆ ಘಟನೆಗೆ ಸ್ವಲ್ಪ ಮೇಲೆಯೇ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು, ಅಂದರೆ ಧರ್ಮಶಾಸ್ತ್ರ ಕಲಿಸುವವರನ್ನು, ಆತ ಖಂಡಿಸುತ್ತಾನೆ. ಎರಡನ್ನೂ ಒಟ್ಟಿಗೆ ಓದಬೇಕು, ಅಲ್ವಾ?

ಹಾಗಂತ ಸಾಲದ ನೆಪ ಹೇಳಿ ಪೂರ್ತಿ ಕೈ ಕಟ್ಟಿ ಕೂರುವುದೂ ಬೇಡ. ಹೊಸ ಫೋನಿಗೆ ಕಂತು ಹುಟ್ಟುತ್ತದೆ, ಕಾಣಿಕೆಗೆ ಮಾತ್ರ ಹುಟ್ಟುವುದಿಲ್ಲ ಅಂದರೆ ಅದು ಬೇರೆ ವಿಷಯ. ಸಂಬಳ ಬಂದ ದಿನವೇ ಚಿಕ್ಕ ಮೊತ್ತ ಎತ್ತಿಡಿ. ಹಣ ತೀರಾ ಬಿಗಿಯಾದ ತಿಂಗಳು ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಂಟಿಯಾಗಿರುವವರ ಮನೆಗೆ ಹೋಗಿ ಕೂತು ಬನ್ನಿ. ಕೊನೆಯ ಕಂತು ಮುಗಿದ ಮೇಲೆ ಆ ಹಣದಲ್ಲಿ ಎಷ್ಟು ಪಾಲು ಕಾಣಿಕೆಗೆ ಅನ್ನುವುದನ್ನು ಮನೆಯವರ ಜೊತೆ ಕೂತು ಈಗಲೇ ಮಾತಾಡಿಕೊಳ್ಳಿ. ಕೈಗೆ ಬಂದಮೇಲೆ ಅದಕ್ಕೆ ನೂರು ಖರ್ಚು ಸಾಲುಗಟ್ಟುತ್ತವೆ.