ಒಂದೇ ಗುರುತು, ಎರಡು ಕಿಣ್ವಗಳು

ವಂಶವಾಹಿಯಿಂದ ನಕಲಾಗಿ ಬಂದ ವರ್ಗಾವಣೆ ಆರ್‌ಎನ್‌ಎ, ಅಂದರೆ ಟಿಆರ್‌ಎನ್‌ಎ, ಪ್ರೋಟೀನ್ ಕಟ್ಟಲು ಅಮೈನೋ ಆಮ್ಲಗಳನ್ನು ಹೊತ್ತು ತರುವ ತನ್ನ ಕೆಲಸಕ್ಕೆ ಆ ಕೂಡಲೇ ಸಿದ್ಧವಾಗಿರುವುದಿಲ್ಲ. ಸುಮಾರು 76 ಅಕ್ಷರಗಳ ಈ ಪುಟ್ಟ ಅಣುವನ್ನು ಹಲವು ಕಿಣ್ವಗಳು ಅಲ್ಲಲ್ಲಿ ತಿದ್ದಬೇಕಾಗುತ್ತದೆ. 1965ರಲ್ಲಿ ರಾಬರ್ಟ್ ಹಾಲಿ ಮತ್ತು ಸಂಗಡಿಗರು ಯೀಸ್ಟ್‌ನ ಅಲನೀನ್ ಟಿಆರ್‌ಎನ್‌ಎಯ ಅಕ್ಷರಕ್ರಮವನ್ನು ಬಿಡಿಸಿದಾಗ, ಹೀಗೆ ತಿದ್ದಿದ ಅಪರೂಪದ ಅಕ್ಷರಗಳೇ ತುಣುಕುಗಳನ್ನು ಹೊಂದಿಸಲು ಅವರಿಗೆ ಗುರುತುಕಲ್ಲುಗಳಾದವು.

ಈ ತಿದ್ದುಪಡಿಗಳಲ್ಲಿ 37ನೇ ಸ್ಥಾನದ್ದು ವಿಶೇಷವಾದುದು. ಕೊಡಾನ್‌ಅನ್ನು, ಅಂದರೆ ಒಂದು ಅಮೈನೋ ಆಮ್ಲವನ್ನು ಸೂಚಿಸುವ ಸಂದೇಶದ ಮೂರಕ್ಷರಗಳನ್ನು, ಓದುವ ಟಿಆರ್‌ಎನ್‌ಎಯ ಮೂರಕ್ಷರಗಳ ಪಕ್ಕದಲ್ಲೇ ಕುಳಿತಿರುವ ಗ್ವಾನೀನ್ ಎಂಬ ಅಕ್ಷರಕ್ಕೆ, ಕೆಲವು ಟಿಆರ್‌ಎನ್‌ಎಗಳಲ್ಲಿ, ಒಂದು ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಹೈಡ್ರೋಜನ್) ಅಂಟಿಕೊಳ್ಳುತ್ತದೆ. ಅದಿಲ್ಲದಿದ್ದರೆ ಸಂದೇಶವನ್ನು ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಒಂದಕ್ಷರ ಮುಂದಕ್ಕೆ ಜಾರುವ ಸಂಭವ ಹೆಚ್ಚುತ್ತದೆ. ‘ಕಮಲ ಅರಳಿ ನಕ್ಕಿತು’ ಎಂಬುದನ್ನು ಮೂರು ಮೂರು ಅಕ್ಷರಗಳಾಗಿ ಓದುವವನು ಮೊದಲ ಅಕ್ಷರವನ್ನು ಬಿಟ್ಟರೆ ‘ಮಲಅ ರಳಿನ’ ಎಂದು ತೊದಲುವಂತೆ, ಜಾರಿದ ಜಾಗದಿಂದ ಮುಂದಿನ ಪ್ರೋಟೀನ್ ಪೂರ್ತಿ ಕೆಡುತ್ತದೆ.

ಇಷ್ಟು ಮುಖ್ಯವಾದ ಕೆಲಸವನ್ನು ಎಲ್ಲ ಜೀವಿಗಳಲ್ಲೂ ಒಂದೇ ಮೂಲದ ಕಿಣ್ವ ಮಾಡುತ್ತಿರಬೇಕೆಂದು ಯಾರಾದರೂ ಊಹಿಸಿಯಾರು. ಹಾಗಿಲ್ಲ. ಬ್ಯಾಕ್ಟೀರಿಯಾಗಳಲ್ಲಿ ಅದನ್ನು ಮಾಡುವುದು ಟಿಆರ್‌ಎಂಡಿ. ಆರ್ಕಿಯಾಗಳೆಂಬ ಬೇರೊಂದು ಬಗೆಯ ಸೂಕ್ಷ್ಮಜೀವಿಗಳಲ್ಲಿಯೂ ನಮ್ಮಂಥ ನ್ಯೂಕ್ಲಿಯಸ್ ಉಳ್ಳ ಜೀವಿಗಳಲ್ಲಿಯೂ ಟಿಆರ್‌ಎಂ5. ಇವೆರಡರ ಅಮೈನೋ ಆಮ್ಲದ ಸರಪಳಿಗಳು ಮಡಿಚಿಕೊಂಡ ಬಗೆಯಲ್ಲಿ ಸಂಬಂಧದ ಸುಳಿವೇ ಇಲ್ಲ. ಟಿಆರ್‌ಎಂಡಿಯ ಸರಪಳಿ ಒಂದೆಡೆ ತನ್ನದೇ ಕುಣಿಕೆಯೊಳಗೆ ತೂರಿ, ಬಿಚ್ಚಲಾಗದ ಗಂಟಾಗಿದೆ. ಪ್ರೋಟೀನ್‌ಗಳಲ್ಲಿ ನಿಜವಾದ ಗಂಟು ಬಲು ಅಪರೂಪ. ಮೀಥೈಲ್ ದಾನಿಯಾದ ಎಸ್‌ಎಎಂ ಎಂಬ ಅಣು ಆ ಗಂಟಿನ ಬಳಿಯೇ ಬಾಗಿ ಕೂರುತ್ತದೆ. ಎರಡು ಪ್ರತಿಗಳು ಜೊತೆಗೂಡಿದರೆ ಮಾತ್ರ ಈ ಕಿಣ್ವ ಕೆಲಸ ಮಾಡೀತು. ಟಿಆರ್‌ಎಂ5 ಒಂಟಿಯಾಗಿಯೇ ದುಡಿಯುತ್ತದೆ. ಅದರಲ್ಲಿ ಗಂಟಿಲ್ಲ, ಎಸ್‌ಎಎಂ ಅಲ್ಲಿ ನೀಳವಾಗಿ ಚಾಚಿಕೊಂಡಿರುತ್ತದೆ. ಟಿಆರ್‌ಎಂಡಿಗೆ ಟಿಆರ್‌ಎನ್‌ಎಯ ಒಂದು ಸಣ್ಣ ತುಂಡು ಸಾಕಾದರೆ, ಟಿಆರ್‌ಎಂ5 ಇಡೀ ಅಣು ಸರಿಯಾಗಿ ಮಡಿಚಿದೆಯೇ ಎಂದು ಮೊಣಕೈಯಂತಹ ಅದರ ತಿರುವನ್ನು ಮುಟ್ಟಿ ಪರೀಕ್ಷಿಸುತ್ತದೆ. ಬೇರೆಬೇರೆ ಪೂರ್ವಜರಿಂದ ಹೊರಟ ಎರಡು ಪ್ರೋಟೀನ್‌ಗಳು ಒಂದೇ ಪರಮಾಣುವಿನ ಬಳಿ ಬಂದು ನಿಂತಿವೆ.

ಅನೇಕ ಬ್ಯಾಕ್ಟೀರಿಯಾಗಳು ಟಿಆರ್‌ಎಂಡಿ ಇಲ್ಲದೆ ಬೆಳೆಯಲಾರವು. ಮನುಷ್ಯನಲ್ಲಿ ಅದು ಇಲ್ಲದ್ದರಿಂದ ಹೊಸ ಪ್ರತಿಜೈವಿಕಗಳನ್ನು ಹುಡುಕುವವರ ಕಣ್ಣು ಅದರ ಮೇಲಿದೆ. ಆದರೆ ಗಂಟು ಬ್ಯಾಕ್ಟೀರಿಯಾಗಳಿಗಷ್ಟೇ ಮೀಸಲಲ್ಲ. 9ನೇ ಸ್ಥಾನದ ಗ್ವಾನೀನ್‌ಗೆ ಇದೇ ಗುರುತು ಹಾಕುವ ನಮ್ಮ ಟಿಆರ್‌ಎಂ10 ಕಿಣ್ವಗಳೂ ಅದೇ ಗಂಟಿನ ಕುಲದವು. ಆದುದರಿಂದ ಔಷಧದ ಅಣು ಟಿಆರ್‌ಎಂಡಿಯಲ್ಲಿ ಎಸ್‌ಎಎಂ ಕೂರುವ ಕುಳಿಗೆ ಹೊಂದಿಕೊಂಡರಷ್ಟೇ ಸಾಲದು, ನಮ್ಮ ಆ ನಂಟರ ಕುಳಿಗೆ ಹೊಂದದಂತೆಯೂ ಇರಬೇಕು.