ರೋಯಾ ಕಣಿವೆಯ ರೈಲು ಯಾಕೆ ಕುಂಟುತ್ತಿದೆ?

ಇಟಲಿಯ ಕೂನೆಯೊ ಪಟ್ಟಣದಿಂದ ಕಡಲತೀರದ ವೆಂತಿಮೀಲ್ಯಾಕ್ಕೆ ರೈಲಿನಲ್ಲಿ ಸುಮಾರು ನೂರು ಕಿಲೋಮೀಟರ್. ಎರಡೂ ತುದಿ ಇಟಲಿಯವು. ನಡುವಿನ ಸುಮಾರು 47 ಕಿ.ಮೀ. ಫ್ರಾನ್ಸಿನ ನೆಲ. ಆ ನಡುವಿನ ಭಾಗದಲ್ಲಿ ಹಳಿ ಸವೆದರೆ ರಿಪೇರಿ ಮಾಡುವವರು ಫ್ರೆಂಚ್ ರೈಲ್ವೆಯವರು, 1970ರ ಒಪ್ಪಂದದಂತೆ ದುಡ್ಡು ಕೊಡಬೇಕಾದವರು ಇಟಲಿಯವರು. ಈ ವಿಚಿತ್ರ ಲೆಕ್ಕ ಎಲ್ಲಿಂದ ಬಂತು ಎಂದು ತಿಳಿಯಲು ಆಲ್ಪ್ಸ್ ಪರ್ವತದ ದಕ್ಷಿಣ ಅಂಚಿನ ರೋಯಾ ಕಣಿವೆಯ ಚರಿತ್ರೆಯನ್ನೇ ನೋಡಬೇಕು.

ರೋಯಾ ಚಿಕ್ಕ ನದಿ, ಉದ್ದ 60 ಕಿ.ಮೀ. ಕೂಡ ಇಲ್ಲ. 1,871 ಮೀಟರ್ ಎತ್ತರದ ತಾಂದ್ ಘಾಟಿಯ ಬಳಿ ಹುಟ್ಟಿ, ತಾಂದ್, ಫೊಂತಾಂ, ಸವೋರ್ಜ್, ಬ್ರೇಯ್ ಊರುಗಳನ್ನು ದಾಟಿ ವೆಂತಿಮೀಲ್ಯಾದಲ್ಲಿ ಸಮುದ್ರ ಸೇರುತ್ತದೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟೊಂದು ಇಳಿಯುವುದರಿಂದ ನೀರಿಗೆ ವಿಪರೀತ ರಭಸ. ಹಲವು ಕಡೆ ಕಣಿವೆ ಎಷ್ಟು ಕಿರಿದೆಂದರೆ ನದಿಗೂ ರಸ್ತೆಗೂ ಮಾತ್ರ ಜಾಗ. ಊರುಗಳು ಅದಕ್ಕೇ ಬಂಡೆಯ ಮೈಗೆ ಅಂಟಿಕೊಂಡು ಮೇಲೆ ಕುಳಿತಿವೆ. ಸವೋರ್ಜ್‌ನ ಮನೆಗಳು ನದಿಯಿಂದ ಬಹಳ ಎತ್ತರದಲ್ಲಿ ಸಾಲುಸಾಲಾಗಿ ನಿಂತಿರುವುದು ಕೇವಲ ಚೆಂದಕ್ಕಲ್ಲ.

ಹಳೆಯ ಕಾಲದಲ್ಲಿ ಈ ಕಣಿವೆಗೆ ಬೆಲೆ ತಂದದ್ದು ಉಪ್ಪು. ನೀಸ್ ಬಂದರಿಗೆ ಬಂದ ಉಪ್ಪನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಘಾಟಿ ಹತ್ತಿಸಿ ಪಿಯೆಮೊಂತೆ ಬಯಲಿಗೆ ಸಾಗಿಸುತ್ತಿದ್ದರು. ದಾರಿಯ ಮೇಲೆ ಹಿಡಿತವಿದ್ದವರಿಗೆ ಸುಂಕ. ಮೊದಲು ಆ ಹಿಡಿತ ತಾಂದ್‌ನ ಲಾಸ್ಕಾರಿಸ್ ಮನೆತನದ್ದು. 1261ರಲ್ಲಿ ವೆಂತಿಮೀಲ್ಯಾದ ಕೌಂಟ್ ಬೈಜಾಂಟಿಯಮ್ ಚಕ್ರವರ್ತಿಯ ಮಗಳನ್ನು ಮದುವೆಯಾದ ಮೇಲೆ ಬಂದ ಹೆಸರದು. ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಆ ಹಿಡಿತ ಪಿಯೆಮೊಂತೆಯನ್ನು ಆಳುತ್ತಿದ್ದ ಸವಾಯ್ ದೊರೆಗಳ ಪಾಲಾಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಗಾಡಿ ಹೋಗುವಂಥ ರಸ್ತೆಯೂ ಆಯಿತು. ಘಾಟಿಯ ದಕ್ಷಿಣ ಮಗ್ಗುಲಲ್ಲಿ ಆ ರಸ್ತೆಯ 40ಕ್ಕೂ ಹೆಚ್ಚು ಹೇರ್‌ಪಿನ್ ತಿರುವುಗಳು ಇಂದಿಗೂ ಕಾಣುತ್ತವೆ.

ಬುಡದ ವೆಂತಿಮೀಲ್ಯಾ ಮಾತ್ರ ಬಹುಕಾಲ ಜಿನೋವಾ ಗಣರಾಜ್ಯದ ಕೈಲಿತ್ತು. 1815ರಲ್ಲಿ ಅದೂ ಸವಾಯ್ ದೊರೆಗಳಿಗೆ ಸೇರಿ, ಬುಡದಿಂದ ತುದಿಯವರೆಗೆ ಒಂದೇ ಆಳ್ವಿಕೆ ಬಂತು. ಇಂದಿನ ಗಡಿಯ ತಕರಾರು ಹುಟ್ಟಿದ್ದು 1860ರಲ್ಲಿ. ಇಟಲಿಯ ಏಕೀಕರಣಕ್ಕೆ ಫ್ರಾನ್ಸ್ ಕೊಟ್ಟ ಬೆಂಬಲಕ್ಕೆ ಪ್ರತಿಯಾಗಿ, ಮಾರ್ಚ್ 24ರ ಟುರಿನ್ ಒಪ್ಪಂದದಲ್ಲಿ ಸವಾಯ್ ಮತ್ತು ನೀಸ್ ಪ್ರಾಂತ್ಯಗಳನ್ನು ಬಿಟ್ಟುಕೊಡಲಾಯಿತು. ತಾಂದ್ ಮತ್ತು ಅದರ ಪಕ್ಕದ ಊರು ಲಾ ಬ್ರೀಗ್ ಕೂಡ ನೀಸ್ ಪ್ರಾಂತ್ಯದವೇ, ಆ ಏಪ್ರಿಲ್‌ನ ಜನಮತದಲ್ಲಿ ಫ್ರಾನ್ಸಿನ ಪರ ಮತ ಹಾಕಿದವೇ. ಆದರೂ ಅವು ಇಟಲಿಯಲ್ಲೇ ಉಳಿದವು. ಸವಾಯ್ ಮನೆತನದ ದೊರೆ ಎರಡನೆಯ ವಿಟ್ಟೋರಿಯೊ ಎಮಾನುವೆಲೆಯ ಬೇಟೆಯ ಕಾಡು ಅಲ್ಲಿತ್ತು, ಅದಕ್ಕೇ ಬಿಡಲಿಲ್ಲ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಬೇಟೆ ನೆಪ, ಘಾಟಿಯೇ ಕಾರಣ ಎನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ. ಘಾಟಿಯ ಎರಡೂ ಮಗ್ಗುಲು ತನ್ನ ಕೈಲಿದ್ದರೆ ಪಿಯೆಮೊಂತೆಗೆ ನುಗ್ಗುವ ಸೈನ್ಯವನ್ನು ಕೆಳಗೇ ತಡೆಯಬಹುದು. ಪರಿಣಾಮವಾಗಿ ಒಂದೇ ನದಿ ಮೇಲ್ಭಾಗದಲ್ಲಿ ಇಟಲಿ, ನಡುವೆ ಫ್ರಾನ್ಸ್, ಕೆಳಗೆ ಮತ್ತೆ ಇಟಲಿ ಎಂದು ಮೂರು ತುಂಡಾಯಿತು.

ಇಟಲಿ ಘಾಟಿಯ ಅಡಿಯಲ್ಲಿ 3 ಕಿ.ಮೀ.ಗೂ ಮಿಕ್ಕಿದ ರಸ್ತೆ ಸುರಂಗ ಕೊರೆದು 1882ರಲ್ಲಿ ತೆರೆಯಿತು. ಆಮೇಲೆ 8 ಕಿ.ಮೀ.ಗಿಂತ ಉದ್ದದ ರೈಲು ಸುರಂಗ ಬಂತು. 1900ರಲ್ಲಿ ರೈಲು ಘಾಟಿಯ ದಕ್ಷಿಣ ಬದಿಯ ವಿಯೆವೊಲಾ ಮುಟ್ಟಿತು. ಅಲ್ಲಿಂದ ಕೆಳಕ್ಕೆ ಇಳಿಸುವುದೇ ಎಂಜಿನಿಯರುಗಳಿಗೆ ದೊಡ್ಡ ತಲೆನೋವು. ವಿಯೆವೊಲಾದಿಂದ ತಾಂದ್ ನಿಲ್ದಾಣ ಸುಮಾರು 160 ಮೀಟರ್ ಕೆಳಗಿದೆ, ನೇರ ದೂರ ನಾಲ್ಕೇ ಕಿ.ಮೀ. ಆಸುಪಾಸು. ಸಾವಿರ ಮೀಟರಿಗೆ 25 ಮೀಟರಿನಷ್ಟು ಇಳಿಜಾರು ಮಾಡಿದರೂ ಆ ದೂರದಲ್ಲಿ ಇಳಿಸಲಾಗುವುದು ನೂರು ಮೀಟರ್ ಅಷ್ಟೆ. ಉಳಿದ ಇಳಿತಕ್ಕೆ ಬೇಕಾದ ಹಳಿಯ ಉದ್ದವನ್ನು ಬೆಟ್ಟದ ಹೊಟ್ಟೆಯೊಳಗೇ ಸುತ್ತಿಸಿ ಗಳಿಸಬೇಕಾಯಿತು. ಹಾಗಾಗಿ ರೈಲು ಸುರಂಗದೊಳಗೆ ಪೂರ್ತಿ ಒಂದು ಸುತ್ತು ಹಾಕಿ, ತಾನು ಒಳಹೊಕ್ಕ ಬಾಯಿಗಿಂತ ಎಷ್ಟೋ ಕೆಳಗೆ ಹೊರಬರುತ್ತದೆ. ಇನ್ನೂ ಕೆಳಗೆ ಬೇರ್ಗ್ ಬಳಿಯೂ ಇಂಥದೇ ಸುತ್ತು ಇದೆ.

ಕಲ್ಲಿಗಿಂತ ಗಡಿಯೇ ಹೆಚ್ಚು ತಡಮಾಡಿತು. ಎರಡು ದೇಶಗಳ ಒಪ್ಪಂದ ಆದದ್ದು 1904ರಲ್ಲಿ. ಶತ್ರುವಿಗೆ ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ ಎಂಬ ಅಳುಕು ಎರಡೂ ಕಡೆಯ ಸೈನ್ಯಕ್ಕೆ. ನಡುವೆ ಮೊದಲ ಮಹಾಯುದ್ಧ. ಕೊನೆಗೆ 1928ರ ಅಕ್ಟೋಬರ್ 30ರಂದು ಕೂನೆಯೊದಿಂದ ಬ್ರೇಯ್‌ಗೆ, ಅಲ್ಲಿ ಕವಲೊಡೆದು ಒಂದು ಕಡೆ ನೀಸ್‌ಗೆ, ಇನ್ನೊಂದು ಕಡೆ ವೆಂತಿಮೀಲ್ಯಾಕ್ಕೆ ಪೂರ್ತಿ ಮಾರ್ಗ ತೆರೆಯಿತು. ಗಡಿ ತಪಾಸಣೆಗೆಂದು ತಾಂದ್‌ನ ಕೆಳಗಿನ ಸಾಂ-ದಾಲ್ಮಾದಲ್ಲಿ ಇಟಲಿ ಅರಮನೆಯಂಥ ನಿಲ್ದಾಣ ಕಟ್ಟಿತು. ಅಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಕಟ್ಟಡ ಯಾಕೆ ಎಂದು ಇಂದು ಬರುವವರು ಬೆರಗಾಗುತ್ತಾರೆ. ಹನ್ನೆರಡು ವರ್ಷವೂ ನೆಮ್ಮದಿ ಇರಲಿಲ್ಲ. 1940ರ ಜೂನ್‌ನಲ್ಲಿ ಯುದ್ಧ ಬಂತು. ಸೋತು ಹಿಂದೆ ಸರಿಯುತ್ತಿದ್ದ ಜರ್ಮನ್ ಪಡೆಗಳು ಸೇತುವೆಗಳನ್ನೂ ಸುರಂಗಗಳನ್ನೂ ಸ್ಫೋಟಿಸಿದವು. ಫೊಂತಾಂ ಮೇಲಿನ ಸ್ಕಾರಾಸ್ಸೂಯಿ ಸೇತುವೆ ಹಾಗೆ ಉರುಳಿದ್ದು.

1947ರ ಫೆಬ್ರವರಿ 10ರ ಪ್ಯಾರಿಸ್ ಶಾಂತಿ ಒಪ್ಪಂದ ತಾಂದ್, ಲಾ ಬ್ರೀಗ್‌ಗಳನ್ನು ಫ್ರಾನ್ಸಿಗೆ ಕೊಟ್ಟಿತು. ಅಕ್ಟೋಬರ್ 12ರ ಜನಮತದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿದರು. ಚರ್ಚೆಯಲ್ಲಿ ನೆಲದಷ್ಟೇ ಮುಖ್ಯವಾಗಿದ್ದದ್ದು ನೀರು. ಸಾಂ-ದಾಲ್ಮಾ ಸುತ್ತಿನ ಜಲವಿದ್ಯುತ್ ಕೇಂದ್ರಗಳ ಕರೆಂಟ್ ಇಟಲಿಗೆ ಹೋಗುತ್ತಿತ್ತು. ಹಾಗಾಗಿ ಇಟಲಿ ಮೊದಲು ಪಡೆಯುತ್ತಿದ್ದಷ್ಟು ವಿದ್ಯುತ್ತನ್ನು ಫ್ರಾನ್ಸ್ ಒದಗಿಸಬೇಕೆಂಬ ಖಾತರಿ ಆ ಒಪ್ಪಂದದಲ್ಲೇ ಸೇರಿತು.

ಕರೆಂಟಿಗೆ ಸಿಕ್ಕ ಖಾತರಿ ಕುರುಬರಿಗೆ ಸಿಗಲಿಲ್ಲ. ಲಾ ಬ್ರೀಗ್ ಎಂದರೆ ಕುರಿ ಸಾಕಣೆಯ ಸೀಮೆ. ಬ್ರೀಗ್ ಕುರಿ ಎಂಬ ಪ್ರತ್ಯೇಕ ತಳಿಯೇ ಇದೆ. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲು, ಚಳಿಗಾಲದಲ್ಲಿ ಕರಾವಳಿ. ಒಂದೇ ನುಡಿ, ಒಂದೇ ಕಸುಬಿನ ಆ ಊರ ಸೀಮೆಯನ್ನು ಹೊಸ ಗಡಿ ಮೂರು ಪಾಲು ಮಾಡಿತು. ಮುಖ್ಯ ಊರು ಫ್ರಾನ್ಸಿಗೆ. ಉಪೇಗಾ, ಕಾರ್ನಿನೊ, ಪಿಯಾಜ್ಜಾ ಸೇರಿ ಬ್ರಿಗಾ ಆಲ್ತಾ ಎಂಬ ಹೊಸ ಪಂಚಾಯಿತಿಯಾಗಿ ಇಟಲಿಯ ಕೂನೆಯೊ ಜಿಲ್ಲೆಗೆ. ರೆಯಾಲ್ದೊ, ವೆರ್ದೆಜ್ಜಾ ಇಟಲಿಯದೇ ಲಿಗೂರಿಯಾ ಪ್ರಾಂತ್ಯದ ತ್ರಿಯೋರಾಕ್ಕೆ. ಇಡೀ ಕಣಿವೆಯ ಕತೆಯಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ.

ಯುದ್ಧ ಮುಗಿದರೂ ರೈಲು ಮೂವತ್ತು ವರ್ಷ ಮೀರಿ ಮಲಗಿತ್ತು. ಫ್ರಾನ್ಸಿಗೆ ನೀಸ್ ಕಡೆಯ ಕವಲು ಸಾಕಿತ್ತು. ಕೂನೆಯೊ–ವೆಂತಿಮೀಲ್ಯಾ ನೇರ ದಾರಿ ಬೇಕಾಗಿದ್ದದ್ದು ಇಟಲಿಗೆ. 1970ರ ಜೂನ್ 24ರ ರೋಮ್ ಒಪ್ಪಂದ ಈ ತರ್ಕವನ್ನೇ ಹಿಡಿದು, ನಿಮಗೆ ಬೇಕಾದ ಮಾರ್ಗದ ಖರ್ಚು ನಿಮ್ಮದೇ ಎಂದು ಇಟಲಿಯ ಹೆಗಲಿಗೆ ಹಾಕಿತು. ಕೆಡವಿದ್ದನ್ನು ಮತ್ತೆ ಕಟ್ಟಿ 1979ರ ಅಕ್ಟೋಬರ್ 6ರಂದು ರೈಲು ಬಿಟ್ಟರು.

ತೊಡಕು ಇರುವುದು ಆ ಕಾಗದದಲ್ಲಿ. ಹಳಿ ತನ್ನ ನೆಲದಲ್ಲಿಲ್ಲದ ಕಾರಣ ಖರ್ಚು ಕೊಡುವವರಿಗೆ ಆಸಕ್ತಿ ಕಡಿಮೆ. ಖರ್ಚು ತನ್ನದಲ್ಲದ ಕಾರಣ ಕೆಲಸ ಮಾಡುವವರಿಗೆ ಆತುರವಿಲ್ಲ. ಹಳಿ ಹಳತಾಗುತ್ತ ಹೋಗಿ 2013ರಲ್ಲಿ ಫ್ರೆಂಚ್ ಭಾಗದಲ್ಲಿ ವೇಗವನ್ನು ಗಂಟೆಗೆ 40 ಕಿ.ಮೀ.ಗೆ ಇಳಿಸಿದರು, ಕೂನೆಯೊ–ವೆಂತಿಮೀಲ್ಯಾ ನಡುವಿನ ರೈಲುಗಳನ್ನು ದಿನಕ್ಕೆ ಎರಡು ಜೋಡಿಗೆ ಕಡಿತ ಮಾಡಿದರು. ರೈಲು ನಿಧಾನವಾದರೆ ಜನ ಕಾರು ಹಿಡಿಯುತ್ತಾರೆ. ಜನ ಇಲ್ಲದ ರೈಲಿಗೆ ದುಡ್ಡು ಯಾಕೆ ಎಂದು ಕೇಳುವುದು ಸುಲಭವಾಗುತ್ತದೆ. ಇಟಲಿ ಸುರಕ್ಷತಾ ಕೆಲಸಕ್ಕೆ 2.9 ಕೋಟಿ ಯೂರೊ ಕೊಟ್ಟ ಮೇಲೂ ಈ ಸುಳಿ ಪೂರ್ತಿ ಬಿಡಲಿಲ್ಲ. ಜನ ಮಾತ್ರ ಕೈಬಿಟ್ಟಿಲ್ಲ. 2020ರಲ್ಲಿ ಇಟಲಿಯ ಪಾರಂಪರಿಕ ತಾಣಗಳ ಮತಗಣನೆಯಲ್ಲಿ ಈ ರೈಲುಮಾರ್ಗಕ್ಕೇ ಮೊದಲ ಸ್ಥಾನ.

ಅದೇ ವರ್ಷ ಅಕ್ಟೋಬರ್ 2ರಂದು ಅಲೆಕ್ಸ್ ಚಂಡಮಾರುತ ಬಂತು. ಪಕ್ಕದ ವೆಜುಬಿ ಕಣಿವೆಯಲ್ಲಿ ಒಂದೇ ದಿನ 500 ಮಿ.ಮೀ. ಮಳೆ. ರೋಯಾ ನದಿ ದಂಡೆಯನ್ನೇ ಕೊರೆದು ತಿಂದಿತು. ನದಿಯ ಮಟ್ಟದಲ್ಲೇ ಸಾಗುವ ರಸ್ತೆ ಹಲವು ಕಡೆ ಬುಡಸಮೇತ ಹೋಯಿತು, ಸೇತುವೆಗಳೂ ಹೋದವು. ರೈಲು ಹಳಿ ಬಹುಪಾಲು ಬೆಟ್ಟದ ಮೈಯಲ್ಲಿ ಎತ್ತರದಲ್ಲಿ, ಸುರಂಗಗಳ ಒಳಗೆ ಇರುವುದರಿಂದ ಪೆಟ್ಟು ತಿಂದರೂ ಬದುಕಿತು. ಮೊದಲು ಹೆಲಿಕಾಪ್ಟರ್, ಆಮೇಲೆ ಹಂತಹಂತವಾಗಿ ಮೇಲಕ್ಕೆ ಹತ್ತಿದ ರೈಲು: ಊರುಗಳಿಗೆ ಆಹಾರ, ಔಷಧ, ಕಟ್ಟಡ ಸಾಮಗ್ರಿ ತಲುಪಿದ್ದು ಹೀಗೆ. ಮುಚ್ಚಿಬಿಡೋಣ ಎಂಬ ಮಾತು ಕೇಳಿಬರುತ್ತಿದ್ದ ಮಾರ್ಗವೇ ಆಗ ಕಣಿವೆಯನ್ನು ಸಾಕಿತು.

ರಸ್ತೆ ಸುರಂಗದ ಕತೆಯೂ ಇಂಥದೇ. 1882ರ ಹಳೆ ಸುರಂಗ ಇಂದಿನ ಲಾರಿಗಳಿಗೆ ತೀರಾ ಕಿರಿದು. ಪಕ್ಕದಲ್ಲಿ ಇನ್ನೊಂದು ಕೊರೆಯಲು 2007ರಲ್ಲಿ ಎರಡು ದೇಶ ಒಪ್ಪಿದವು, 2013ರಲ್ಲಿ ಕೆಲಸ ಶುರುವಾಯಿತು, 2017ರಲ್ಲಿ ಗುತ್ತಿಗೆಯ ಅಕ್ರಮದ ತನಿಖೆಯಿಂದ ನಿಂತಿತು. ಅಲೆಕ್ಸ್ ಬಂದು ಫ್ರೆಂಚ್ ಬದಿಯ ಕೂಡುರಸ್ತೆಯನ್ನು ಕೊಚ್ಚಿಕೊಂಡು ಹೋದ ಮೇಲೆ ನಕ್ಷೆಯನ್ನೇ ಬದಲಿಸಬೇಕಾಯಿತು. ಹೊಸ ಸುರಂಗ ತೆರೆದದ್ದು 2025ರ ಜೂನ್‌ನಲ್ಲಿ, ಅದೂ ನಿಗದಿತ ವೇಳೆಗಳಲ್ಲಿ, ಒಮ್ಮೆ ಈ ಕಡೆಯವರಿಗೆ, ಒಮ್ಮೆ ಆ ಕಡೆಯವರಿಗೆ ಬಿಡುವ ಪದ್ಧತಿಯಲ್ಲಿ. ಬೇಗೋ ಬೆಟ್ಟದ ಬುಡದ ಕಂಚಿನ ಯುಗದ ಬಂಡೆಕೆತ್ತನೆಗಳನ್ನು ನೋಡಲು ಇಟಲಿ ಕಡೆಯಿಂದ ಕಾರಿನಲ್ಲಿ ಬರುವವರು ಮೊದಲು ಸುರಂಗದ ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು.