ಕಡಲಿಲ್ಲದ ಊರಿಗೆ ಬಂದ ಕಡಲ ತೀರದ ಬಂಗಲೆ

ಬೆಂಗಳೂರಿಗೆ ಕಡಲಿಲ್ಲ. ಆದರೂ ಇಲ್ಲಿನ ದಂಡು ಪ್ರದೇಶದ ಹಳೇ ಬಂಗಲೆಗಳ ಹುಟ್ಟೂರು ಹುಡುಕುತ್ತಾ ಹೋದರೆ ಮದ್ರಾಸಿನ ಕಡಲ ತೀರದಲ್ಲೇ ನಿಲ್ಲಬೇಕಾಗುತ್ತದೆ.

1809ರಲ್ಲಿ ಇಂಗ್ಲಿಷರು ಇಲ್ಲಿ ದಂಡು ಹೂಡಿದರು. ಬಂದವರು ಮದ್ರಾಸ್ ಸೈನ್ಯದವರು. ಮನೆ ಅಂದರೆ ಅವರ ಕಣ್ಣಿಗೆ ಕಟ್ಟುತ್ತಿದ್ದದ್ದು ಅಲ್ಲಿನ ಮನೆಯೇ. ದೊಡ್ಡ ಕಾಂಪೌಂಡು, ನಡುವೆ ಎತ್ತರದ ಪಾಯದ ಮೇಲೆ ಮನೆ, ಮುಂದೆ ಅಗಲವಾದ ವರಾಂಡ. ದಪ್ಪ ಗೋಡೆ, ಎತ್ತರದ ಸೂರು, ಬಿಸಿಗಾಳಿ ಹೊರಗೆ ಹೋಗಲು ಸೂರಿನ ಹತ್ತಿರ ಕಿಂಡಿಗಳು. ಸೆಕೆಗೆ ಹೆದರಿ ಕಟ್ಟಿದ ಮನೆ ಅದು.

ಬೆಂಗಳೂರು ಇರುವುದು ಕಡಲ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಇಲ್ಲಿ ಅಷ್ಟು ಸೆಕೆ ಎಲ್ಲಿ? ಹಾಗಾಗಿ ಬಿಸಿಲು ತಡೆಯಲು ಹುಟ್ಟಿದ ವರಾಂಡ ಇಲ್ಲಿ ಹೂವಿನ ಕುಂಡ ಇಡುವ, ಸಂಜೆ ಕೂತು ಮಾತಾಡುವ ಜಾಗವಾಯಿತು. ಮದ್ರಾಸಿನಲ್ಲಿ ಯಾರಿಗೂ ಬೇಕಿರದ ಬೆಂಕಿಗೂಡು ಇಲ್ಲಿನ ಹಾಲಿಗೆ ಬಂತು. ಮಾಡಿನ ಮೇಲೆ ಹೊಗೆಗೂಡು ಎದ್ದಿತು.

ನನಗೆ ತುಂಬಾ ಇಷ್ಟವಾಗುವುದು ಚಾವಣಿ. ಮದ್ರಾಸ್ ತಾರಸಿ ಅಂತ ಈಗಲೂ ಹೆಸರಿದೆ. ಮೊದಲು ಮರದ ತೊಲೆಗಳು. ಅವುಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಿದ್ದರು. ಅದರ ಮೇಲೆ ಸುಣ್ಣ ಕಲೆಸಿದ ಇಟ್ಟಿಗೆ ಚೂರು. ಆಮೇಲೆ ಹೆಂಗಸರು ಸಾಲಾಗಿ ಕೂತು ಮರದ ಕೊರಡಿನಿಂದ ಅದನ್ನು ದಿನಗಟ್ಟಲೆ ಬಡಿಯುತ್ತಿದ್ದರು. ಬಡಿದಷ್ಟೂ ತಾರಸಿ ಗಟ್ಟಿ. ಮದ್ರಾಸಿನಲ್ಲಿ ಗೋಡೆಯ ಮೇಲ್ಗಾರೆಗೆ ಕಪ್ಪೆಚಿಪ್ಪು ಸುಟ್ಟ ಸುಣ್ಣ ಬಳಸುತ್ತಿದ್ದರು. ಬೆಲ್ಲ, ಮೊಟ್ಟೆಯ ಬಿಳಿ ಕೂಡ ಬೆರೆಸಿ, ಅಮೃತಶಿಲೆಯ ಹಾಗೆ ಹೊಳೆಯುವ ತನಕ ಉಜ್ಜುತ್ತಿದ್ದರು.

ಆಮೇಲೆ ಇನ್ನೊಂದು ಕಡಲ ತೀರದ ಸರದಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹೆಂಚು ಬಂದ ಮೇಲೆ ಬಂಗಲೆಗಳಿಗೆ ಇಳಿಜಾರು ಮಾಡು ಸಲೀಸಾಯಿತು.

ಬೆಂಗಳೂರಿನದೇ ಗುರುತು ಅಂದರೆ ಮಂಕಿ ಟಾಪ್. ಕಿಟಕಿಯ ಮೇಲೆ, ಪೋರ್ಟಿಕೋದ ಮೇಲೆ ಚೂಪಾದ ಮರದ ಟೊಪ್ಪಿಗೆ. ಅದರ ಮುಂದೆ ಉದ್ದುದ್ದ ಪಟ್ಟಿಗಳ ಜಾಲರಿ. ಮಳೆಯ ಇರಚಲು, ಓರೆ ಬಿಸಿಲು ಎರಡನ್ನೂ ತಡೆಯುತ್ತದೆ, ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ಮಂಗಗಳು ಬಂದು ಅದರ ಮೇಲೆ ಕೂರುತ್ತಿದ್ದವು, ಅದಕ್ಕೇ ಆ ಹೆಸರು ಅನ್ನುವವರಿದ್ದಾರೆ. ಪ್ಲೇಗ್ ಬಂದ 1898ರ ಹೊತ್ತಿಗೆ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ನಮ್ಮವರೂ ಇದನ್ನು ಪ್ರೀತಿಯಿಂದ ಕಟ್ಟಿಸಿಕೊಂಡರು. ಮುಂದೆ ಮಂಕಿ ಟಾಪ್, ಹಿಂದೆ ತುಳಸಿಕಟ್ಟೆ!

ಇಂಥ ವಾಸದ ಮನೆಗಳು ಹೋಟೆಲ್ ಆದ ಕಥೆಗೆ ರೇಸ್‌ಕೋರ್ಸ್ ಎದುರಿನ ವೆಸ್ಟ್ ಎಂಡ್ ಒಳ್ಳೆಯ ಉದಾಹರಣೆ. 1887ರಲ್ಲಿ ಬ್ರಾನ್ಸನ್ ಎಂಬ ಇಂಗ್ಲಿಷ್ ಮಹಿಳೆ ಅಲ್ಲಿ 10 ಕೋಣೆಗಳ ವಸತಿಗೃಹ ಶುರು ಮಾಡಿದರು. 1912ರಲ್ಲಿ ಅದು ಸ್ಪೆನ್ಸರ್ ಕಂಪನಿಯ ಕೈಗೆ, 1984ರಲ್ಲಿ ತಾಜ್ ಕೈಗೆ ಬಂತು. ಈಗ ಸುಮಾರು 20 ಎಕರೆ. ಹೊಸ ಕಟ್ಟಡಗಳು ಬಂದರೂ ದೊಡ್ಡ ಮರಗಳು ಉಳಿದಿವೆ. ಒಂದೇ ದೊಡ್ಡ ಕಟ್ಟಡ ಎತ್ತರಕ್ಕೆ ಎಬ್ಬಿಸದೆ ಮರಗಳ ನಡುವೆ ಬಿಡಿಬಿಡಿಯಾಗಿ ಕಟ್ಟಿದ್ದಾರಲ್ಲ, ಬಂಗಲೆಯ ಗುಣ ಇರುವುದು ಅದರಲ್ಲೇ.

ಹಳೇ ಮನೆಯನ್ನು ಹೋಟೆಲ್ ಮಾಡುವುದು ಸುಲಭ ಅಲ್ಲ. ಆಗಿನ ಅಡುಗೆಮನೆ ಹಿತ್ತಲಲ್ಲಿ ಬೇರೆಯೇ ಇರುತ್ತಿತ್ತು. ಈಗಿನ ಅತಿಥಿಗೆ ಕೋಣೆಗೊಂದು ಬಚ್ಚಲು ಬೇಕು. ಅದಕ್ಕೆ ಪೈಪು ಎಳೆಯಬೇಕು, ಸುಣ್ಣದ ಗೋಡೆ ಕೊರೆಯಬೇಕು. ಏಸಿ ಹಾಕಿದರೆ ಕಿಂಡಿ ಮುಚ್ಚಬೇಕು. ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡುವುದು ಸಿಮೆಂಟು. ಸುಣ್ಣದ ಗೋಡೆ ತೇವ ಹೀರುತ್ತದೆ, ಮತ್ತೆ ಗಾಳಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಗಾರೆ ಉಬ್ಬಿ ಉದುರುತ್ತದೆ, ತೊಲೆಯ ತುದಿ ಕುಂಬಾಗುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆಯವರನ್ನೇ ಹುಡುಕಿ ತರಬೇಕು.

ಇಷ್ಟಾದರೂ ಹೋಟೆಲ್ ಆಗುವುದೇ ಮೇಲು ಅಂತ ನನಗನಿಸುತ್ತದೆ. ಮನೆಯ ಸುತ್ತಲಿನ ಒಂದೆಕರೆ ಜಾಗಕ್ಕೆ ಇಲ್ಲಿ ಏನು ಬೆಲೆ ಅಂತ ಎಲ್ಲರಿಗೂ ಗೊತ್ತು. ಅಣ್ಣತಮ್ಮಂದಿರು ಪಾಲು ಕೇಳಿದ ದಿನ ಬಂಗಲೆ ಬೀಳುತ್ತದೆ, ಅಪಾರ್ಟ್‌ಮೆಂಟ್ ಏಳುತ್ತದೆ. ಆ ಕಾಂಪೌಂಡು ತಾನೇ ದುಡಿದು ತನ್ನ ಖರ್ಚು ಹುಟ್ಟಿಸಿಕೊಂಡರೆ ಮಾತ್ರ ಮನೆ ನಿಂತಿರುತ್ತದೆ.

ಹೋಟೆಲ್ ಆದರೂ ಉಳಿಯುತ್ತದೆ ಅಂತ ಖಾತ್ರಿಯಿಲ್ಲ, ನಿಜ. ರೆಸಿಡೆನ್ಸಿ ರಸ್ತೆಯಲ್ಲಿ ವಿಕ್ಟೋರಿಯಾ ಹೋಟೆಲ್ ಇತ್ತು. ಮರಗಳ ನೆರಳಿನಲ್ಲಿ ಕೂತು ಊಟ ಮಾಡಿದ್ದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಅದನ್ನು ಕೆಡವಿ ಆ ಜಾಗದಲ್ಲಿ ಬೆಂಗಳೂರು ಸೆಂಟ್ರಲ್ ಮಾಲ್ ಕಟ್ಟಿದರು.